ಮಾನ್ವಿ ದಾಟುವಷ್ಟರಲ್ಲಿ ಕೆಂಪು ಮುಟ್ಟುತ್ತಿದ್ದ ಮುಳ್ಳು

ಸಿಂಧನೂರಿನಿಂದ ರಾಯಚೂರಿಗೆ ಹತ್ತಿ ಹೇರಿಕೊಂಡು ಹೊರಟರೆ ಮಾನ್ವಿ ದಾಟುವಷ್ಟರಲ್ಲಿ ನಮ್ಮ ಹಳೇ ಪಿಕಪ್‌ನ ಟೆಂಪರೇಚರ್ ಮುಳ್ಳು ಕೆಂಪು ಮುಟ್ಟುತ್ತಿತ್ತು. ನಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸಿ ಅಂದರು.

ಒಂದು ದಿನ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಇಂಜಿನ್ ಕೆಂಡದಂತೆ ಕಾದಿದೆ, ರೇಡಿಯೇಟರಿನ ಮೇಲಿನ ಹೋಸ್ ಮಾತ್ರ ಉಗುರುಬೆಚ್ಚಗೂ ಇಲ್ಲ. ಬಿಸಿ ನೀರು ಇಂಜಿನ್ ಬಿಟ್ಟು ಹೊರಗೇ ಬರುತ್ತಿಲ್ಲ! ಇಂಜಿನ್ ಕಾದಾಗ ತಾನೇ ತೆರೆದು ಬಿಸಿ ನೀರನ್ನು ತಣಿಸಲು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಬಂದಿದ್ದು ಆಗಲೇ.

ಮರುದಿನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕೈ ಹಾಕಿದೆ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಮುಖ ಸುಟ್ಟೀತು. ಕೂಲೆಂಟನ್ನು, ಅಂದರೆ ಇಂಜಿನ್ ತಣಿಸುವ ದ್ರವವನ್ನು, ಬಕೆಟ್‌ಗೆ ಇಳಿಸಿದೆ. ಅದು ಸಿಹಿ ವಿಷ, ನೆಲಕ್ಕೆ ಚೆಲ್ಲಿದರೆ ನಾಯಿ, ದನ ನೆಕ್ಕುತ್ತವೆ. ಮೇಲಿನ ಹೋಸ್ ಹಿಡಿದು ಇಂಜಿನ್ ತನಕ ಹೋದರೆ ಎರಡು ಬೋಲ್ಟಿನ ಅಲ್ಯೂಮಿನಿಯಂ ಮುಚ್ಚಳ. ಒಳಗಿದ್ದ ಥರ್ಮೋಸ್ಟಾಟ್ ತುಕ್ಕು ಹಿಡಿದು ಕಂದಾಗಿತ್ತು.

ಹಳೆಯದನ್ನೂ ಹೊಸದನ್ನೂ ದಾರ ಕಟ್ಟಿ ನೀರಿನ ಪಾತ್ರೆಗೆ ಇಳಿಬಿಟ್ಟು ಒಲೆ ಹಚ್ಚಿದೆ. ಎರಡರ ಮೇಲೂ 82 ಎಂದು ಅಚ್ಚು, ಅಂದರೆ 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯತೊಡಗಬೇಕು. ನೀರು ಕುದಿಯುವ ಮೊದಲೇ ಹೊಸದು ಮೆಲ್ಲಗೆ ಬಾಯಿ ತೆರೆಯಿತು. ಒಳಗಿನ ಮೇಣ ಕರಗಿ ಹಿಗ್ಗಿ ಕವಾಟ ತಳ್ಳುವುದೇ ಅದರ ಕೆಲಸ. ಹಳೆಯದು ಕಳಕಳ ಕುದಿದರೂ ಮಿಸುಕಲಿಲ್ಲ.

ಮುಚ್ಚಳದ ಅಡಿ ನೀರು ಸೋರದಂತೆ ತಡೆಯುವ ಹಳೇ ಗ್ಯಾಸ್ಕೆಟ್ ಚೂರೂ ಉಳಿಯದಂತೆ ಕೆರೆದೆ. ಹೊಸ ಥರ್ಮೋಸ್ಟಾಟನ್ನು ಸ್ಪ್ರಿಂಗ್ ಇಂಜಿನ್ ಕಡೆಗೆ, ಗಾಳಿ ಹೋಗುವ ಪುಟ್ಟ ತೂತು ಮೇಲಕ್ಕೆ ಬರುವಂತೆ ಕೂರಿಸಿದೆ. ಹೊಸ ಕೂಲೆಂಟ್ ತುಂಬಿ, ಮುಚ್ಚಳ ತೆಗೆದೇ ಇಂಜಿನ್ ಓಡಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಿದೆ.

ಮೊನ್ನೆ ಲೋಡ್ ಸಮೇತ ರಾಯಚೂರು ಮುಟ್ಟಿದೆ. ಮುಳ್ಳು ಅರ್ಧಕ್ಕಿಂತ ಮೇಲೆ ಏರಲಿಲ್ಲ.