ಮಲೆನಾಡಿನಲ್ಲಿ ಹುಲ್ಲಿನ ಪೆಂಡಿ ಮನೆ: ಮೊದಲು ಮಾಡು, ಆಮೇಲೆ ಗೋಡೆ

ಭದ್ರಾ ಅಚ್ಚುಕಟ್ಟಿನಲ್ಲಿ ಮಳೆಗಾಲದ ಭತ್ತ ಕಟಾವಾದ ಮೇಲೆ ಗದ್ದೆ ತುಂಬ ಹುಲ್ಲು ಬಿದ್ದಿರುತ್ತದೆ. ದನ ಇರುವವರು ಮನೆಗೆ ಒಯ್ಯುತ್ತಾರೆ. ಕೆಲವರು ಯಂತ್ರದಲ್ಲಿ ಪೆಂಡಿ ಕಟ್ಟಿಸಿ ಮಾರುತ್ತಾರೆ. ಉಳಿದದ್ದಕ್ಕೆ ಅಲ್ಲಲ್ಲಿ ಬೆಂಕಿ ಬೀಳುತ್ತದೆ, ಅದನ್ನು ನೋಡಿದಾಗ ಸಂಕಟವಾಗುತ್ತದೆ. ಅದೇ ಹುಲ್ಲನ್ನು ಗಟ್ಟಿಯಾಗಿ ಒತ್ತಿ ಕಟ್ಟಿದರೆ ಮನೆಯ ಗೋಡೆಗೆ ಬರುತ್ತದೆ. ಅಮೆರಿಕದ ನೆಬ್ರಾಸ್ಕದ ಮರಳುಗುಡ್ಡಗಳಲ್ಲಿ ಮರ ಸಿಗದ ರೈತರು 19ನೇ ಶತಮಾನದ ಕೊನೆಯ ಹೊತ್ತಿಗೆ ಹೀಗೆ ಕಟ್ಟಲು ಶುರು ಮಾಡಿದರು. ಅಲ್ಲಿನ ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಕಟ್ಟಿದ ಪೆಂಡಿ ಗೋಡೆಯ ಚರ್ಚ್ ಈಗಲೂ ಇದೆ. ಆದರೆ ಅದು ಒಣನಾಡು. ನಮ್ಮಲ್ಲಿ ಈ ಮನೆ ಉಳಿಯಬೇಕಾದರೆ ನಕ್ಷೆಯ ಮೊದಲ ಗೆರೆಯಿಂದಲೇ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ನಿಮ್ಮ ಊರಿಗೆ ಇದು ಹೊಂದುತ್ತದೆಯೇ?

ಶಿವಮೊಗ್ಗ ಜಿಲ್ಲೆ ಒಂದೇ, ಮಳೆ ಬೇರೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಯುತ್ತದೆ. ಭದ್ರಾವತಿ, ಶಿಕಾರಿಪುರದ ಕಡೆ 1,000 ಮಿ.ಮೀ. ಆಸುಪಾಸು. ಹುಲ್ಲಿನೊಳಗೆ ತೇವಾಂಶ ಶೇ 15ರ ಒಳಗಿದ್ದರೆ ಚಿಂತೆಯಿಲ್ಲ. ಶೇ 20 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿದು ಕೊಳೆಯಲು ಶುರುವಾಗುತ್ತದೆ. ಘಟ್ಟದ ಅಂಚಿನಲ್ಲಿ ಮಳೆ ಗೋಡೆಗೆ ತಾಗದಿದ್ದರೂ ತಿಂಗಳುಗಟ್ಟಲೆ ಕವಿಯುವ ಮಂಜು, ಥಂಡಿ ಗಾಳಿಯೇ ಹುಲ್ಲನ್ನು ಆ ಮಟ್ಟಕ್ಕೆ ಒಯ್ಯಬಹುದು. ಹಾಗಾಗಿ ಆಗುಂಬೆ, ಹುಲಿಕಲ್ ಕಡೆಯವರಿಗೆ ನನ್ನ ಸಲಹೆ ಒಂದೇ: ಹುಲ್ಲಿನ ಗೋಡೆ ಬೇಡ, ಜಂಬಿಟ್ಟಿಗೆಯೇ ಸರಿ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಸೊರಬದ ಮೂಡಣ ಭಾಗದವರು ಧೈರ್ಯವಾಗಿ ಯೋಚಿಸಬಹುದು. ಸಾಗರ, ತೀರ್ಥಹಳ್ಳಿಯವರು ಮನೆ ಸುತ್ತ ಅಗಲವಾದ ಜಗಲಿ ಬಿಡಲು ತಯಾರಿದ್ದರೆ ಮಾತ್ರ ಮುಂದುವರಿಯಲಿ.

ಜಾಗ ಎತ್ತರದಲ್ಲಿರಲಿ. ಗುಡ್ಡದ ಬುಡದಲ್ಲಿ ಮಳೆಗಾಲಕ್ಕೆ ಒರತೆ ಏಳುವ ಕಡೆ ಬೇಡವೇ ಬೇಡ. ಧರೆ ಕಡಿದು ಮಟ್ಟ ಮಾಡಿದ ಜಾಗವಾದರೆ ಧರೆಗೂ ಗೋಡೆಗೂ ನಡುವೆ ಗಾಳಿ, ಬಿಸಿಲು ಆಡುವಷ್ಟು ಅಂತರವಿರಲಿ. ನೀರು ಹರಿದುಹೋಗಲು ಕಾಲುವೆಯನ್ನೂ ತೆಗೆಸಿ.

ನಕ್ಷೆ

ಪೆಂಡಿಯ ಮೇಲೆ ಮಾಡಿನ, ಅಂದರೆ ಛಾವಣಿಯ, ಭಾರ ಹೊರಿಸುವ ಕ್ರಮವೂ ಇದೆ. ಅಲ್ಲಿ ಗೋಡೆ ಏರಿದ ಮೇಲಷ್ಟೇ ಮಾಡು. ಅಷ್ಟು ದಿನ ಹುಲ್ಲು ಬಯಲಲ್ಲಿ ಇರಬೇಕಾಗುತ್ತದೆ. ನಮಗೆ ಅದು ಆಗದ ಮಾತು. ಕಂಬ, ತೊಲೆ, ಪಕಾಸು, ರೀಪು, ಹೆಂಚು ಎಲ್ಲ ಮುಗಿಯಲಿ. ಆಮೇಲೆ ಆ ನೆರಳಿನಲ್ಲಿ ಪೆಂಡಿ ಜೋಡಿಸಿ. ಕಂಬದ ಚೌಕಟ್ಟಿನ ಲೆಕ್ಕವನ್ನು ಎಂಜಿನಿಯರ್ ಹತ್ತಿರವೇ ಮಾಡಿಸಿ. ಕಂಬಗಳು ಗೋಡೆಯ ಒಳಮೈಗೆ ಬರುವಂತೆ ನಿಲ್ಲಿಸಿದರೆ ಪೆಂಡಿಗಳನ್ನು ಕೊಯ್ಯುವ ಕೆಲಸ ಕಡಿಮೆಯಾಗುತ್ತದೆ.

ಮಾಡಿನ ಅಂಚು ಗೋಡೆಯಿಂದ ಕನಿಷ್ಠ 4 ಅಡಿ ಹೊರಗೆ ಚಾಚಲಿ. ಇರಚಲು ಜಾಸ್ತಿ ಹೊಡೆಯುವುದು ಪಡುವಣದಿಂದ, ಅಲ್ವಾ? ಆ ಬದಿಗೆ 6–8 ಅಡಿಯ ಜಗಲಿ ಬೇಕು. ಇಲ್ಲವೇ ಕೊಟ್ಟಿಗೆ, ಸೌದೆಮನೆ ಆ ಕಡೆಗೆ ಬರಲಿ. ಮಣ್ಣಿನ ಗೋಡೆಗೆ ನಮ್ಮ ಹಿರಿಯರು ಮಳೆಗಾಲದಲ್ಲಿ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ಇಲ್ಲಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ತಟ್ಟಿ ಕಟ್ಟಲು ಬೇಕಾದ ಗಳ, ಕೊಕ್ಕೆಗಳನ್ನು ನಕ್ಷೆಯಲ್ಲೇ ಸೇರಿಸಿ.

ಬಚ್ಚಲುಮನೆ, ಪಾತ್ರೆ ತೊಳೆಯುವ ಜಾಗದ ಗೋಡೆ ಹುಲ್ಲಿನದ್ದಾಗಬಾರದು. ಅವನ್ನು ಜಂಬಿಟ್ಟಿಗೆಯಲ್ಲಿ ಕಟ್ಟಿ. ನೀರಿನ ಪೈಪು ಹುಲ್ಲಿನ ಗೋಡೆಯೊಳಗೆ ಎಲ್ಲೂ ಹಾಯಬಾರದು. ಕಾಣದ ಜಾಗದಲ್ಲಿ ಪೈಪು ಸಣ್ಣಗೆ ಸೋರಿದರೂ ಗೋಡೆ ಒಳಗಿನಿಂದಲೇ ಹಾಳಾಗುತ್ತದೆ, ನಿಮಗೆ ಗೊತ್ತಾಗುವಾಗ ತಡವಾಗಿರುತ್ತದೆ.

ಇನ್ನು ಅಳತೆ. ಚೌಕದ ಪೆಂಡಿ ಸಾಮಾನ್ಯವಾಗಿ 3 ಅಡಿ ಉದ್ದ, 18 ಇಂಚು ಅಗಲ, 14 ಇಂಚು ಎತ್ತರ ಬರುತ್ತದೆ. ಇದನ್ನು ಮಲಗಿಸಿ ಇಟ್ಟರೆ ಗೋಡೆಯ ದಪ್ಪ ಗಿಲಾವು ಸೇರಿ 21 ಇಂಚು. ಒಳಗೆ 12x15 ಅಡಿ ಕೋಣೆ ಬೇಕೆಂದರೆ ಹೊರಗೆ ಸುಮಾರು 15.5x18.5 ಅಡಿ ಬೇಕು. ಸಣ್ಣ ಸೈಟಿನವರು ಇದನ್ನು ಮೊದಲೇ ಯೋಚಿಸಲಿ. ಇಂಥ ಕೋಣೆಗೆ ಒಂದು ವರಸೆಗೆ 20 ಪೆಂಡಿ ಹಿಡಿಯುತ್ತದೆ. 8 ವರಸೆ ಏರಿಸಿದರೆ 9 ಅಡಿ 4 ಇಂಚು ಎತ್ತರ, ಒಟ್ಟು 160 ಪೆಂಡಿ. ಒಂದು ಬಾಗಿಲು, ಮೂರು ಕಿಟಕಿಗೆ ಸುಮಾರು 16 ಪೆಂಡಿ ಉಳಿಯುತ್ತವೆ. ಆದರೂ 160 ತರಿಸಿ. ಬಿಚ್ಚಿಹೋಗುವುದು, ಮೂಲೆಗೆ ಕೊಯ್ಯುವುದು ಇದ್ದೇ ಇರುತ್ತದೆ. ಬಾಗಿಲು, ಕಿಟಕಿ, ಗೋಡೆಯ ಉದ್ದ ಎಲ್ಲವೂ 3 ಅಡಿ ಅಥವಾ ಒಂದೂವರೆ ಅಡಿಯ ಲೆಕ್ಕಕ್ಕೆ ಸಿಗುವಂತಿರಲಿ.

ಪೆಂಡಿ ಆರಿಸುವುದು

ನಮ್ಮ ಕಡೆ ಓಡಾಡುವ ಎಷ್ಟೋ ಯಂತ್ರಗಳು ದುಂಡನೆಯ ರೋಲ್ ಸುತ್ತುತ್ತವೆ. ಅದು ಗೋಡೆಗೆ ಬರುವುದಿಲ್ಲ. ಚೌಕದ ಪೆಂಡಿ ಕಟ್ಟುವ ಯಂತ್ರದವರನ್ನು ಹುಡುಕಿ, ಕಟಾವಿಗೆ ಮೊದಲೇ ಮಾತಾಡಿಕೊಳ್ಳಿ. ಮೇಲೆ ಹೇಳಿದ ಅಳತೆಯ ಪೆಂಡಿ ಒಣಗಿದಾಗ ಕನಿಷ್ಠ 15 ಕೆ.ಜಿ. ತೂಗಬೇಕು. ಹಗ್ಗ ಹಿಡಿದು ಎತ್ತಿದರೆ ನಡು ಬಾಗಬಾರದು. ಒಳಗೆ ಕೈ ತೂರಿಸಲು ಕಷ್ಟವಾಗಬೇಕು. ಬಣ್ಣ ಹೊಂಬಣ್ಣ ಇರಲಿ. ಕಪ್ಪು ಕಲೆ, ಮುಗ್ಗುಲು ವಾಸನೆ ಇದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸಿ. ಕಾಳು ಉಳಿದ ಹುಲ್ಲು ಇಲಿಗಳನ್ನು ಕರೆಯುತ್ತದೆ. ತೇವಾಂಶ ಅಳೆಯುವ ಉದ್ದ ಕಡ್ಡಿಯ ಮೀಟರ್ ಒಂದನ್ನು ಖಂಡಿತ ಕೊಳ್ಳಿ.

ಬೇಸಿಗೆ ಬೆಳೆಯ ಹುಲ್ಲು ಸಿಗುವ ಹೊತ್ತಿಗೆ ಗುಡುಗು ಮಳೆ ಶುರುವಾಗಿರುತ್ತದೆ. ಆದ್ದರಿಂದ ಡಿಸೆಂಬರ್–ಜನವರಿಯ ಹುಲ್ಲೇ ಬೇಕು. ಅಷ್ಟರೊಳಗೆ ಮಾಡಿಗೆ ಹೆಂಚು ಕೂತಿರಬೇಕು. ಶಿವರಾತ್ರಿಗೆ ಗೋಡೆ ನಿಂತು, ಯುಗಾದಿ ಹೊತ್ತಿಗೆ ಗಿಲಾವು ಮುಗಿಯುವ ಹಂತಕ್ಕೆ ಬಂದರೆ ಒಣಗಲು ಸಾಕಷ್ಟು ಬಿಸಿಲು ಸಿಗುತ್ತದೆ. ಕೆಲಸ ತಡವಾಯಿತೇ? ಮಾಡು ಮಾತ್ರ ಮುಗಿಸಿ, ಗೋಡೆಯನ್ನು ಮುಂದಿನ ವರ್ಷಕ್ಕೆ ಇಡಿ. ಅವಸರ ಬೇಡ.

ಕಟ್ಟುವುದು

ಪಂಚಾಂಗ, ಅಂದರೆ ಗೋಡೆ ಕೂರುವ ಕಟ್ಟೆ, ನೆಲದಿಂದ 2 ಅಡಿಯಾದರೂ ಮೇಲಿರಲಿ, ಜಂಬಿಟ್ಟಿಗೆಯದ್ದಾಗಲಿ. ಮಾಡಿನಿಂದ ಬಿದ್ದ ನೀರು ಸಿಡಿದು ಹುಲ್ಲಿಗೆ ತಾಗಬಾರದು. ಪಂಚಾಂಗದ ಮೇಲೆ ತಗಡಿನ ಪಟ್ಟಿ ಹಾಸಿ, ಅದರ ಅಂಚನ್ನು ಎರಡೂ ಬದಿಗೆ ಕೆಳಮುಖ ಬಾಗಿಸಿ. ಗೆದ್ದಲು ಕಣ್ಣಿಗೆ ಬೀಳದೆ ಹತ್ತಲು ಆಗುವುದಿಲ್ಲ. ತಗಡಿನ ಮೇಲೆ ಎರಡು ಸಾಲು ಮರದ ಪಟ್ಟಿ ಕೂರಿಸಿ, ನಡುವೆ ಜಲ್ಲಿ ತುಂಬಿ. ಮೊದಲ ವರಸೆ ಇದರ ಮೇಲೆ ಕೂರಲಿ. ಮನೆಯೊಳಗೆ ಕೊಡ ಉರುಳಿ ನೀರು ಚೆಲ್ಲಿದರೂ ಹುಲ್ಲಿಗೆ ಮುಟ್ಟುವುದಿಲ್ಲ.

ಇಟ್ಟಿಗೆಯ ಹಾಗೆ ಸಂದು ತಪ್ಪಿಸಿ ಪೆಂಡಿ ಜೋಡಿಸಿ. ಗೋಡೆಯ ಎರಡೂ ಮೈಗೆ ಬಿದಿರಿನ ಸೀಳು ನಿಲ್ಲಿಸಿ, ಹುಲ್ಲಿನ ನಡುವೆ ಹುರಿ ಹಾಯಿಸಿ ಬಿಗಿಯಿರಿ. ಮೇಲಿನ ವರಸೆಯ ಮೇಲೆ ಹಲಗೆಯಿಟ್ಟು ಪಟ್ಟಿಯಿಂದ ಕೆಳಕ್ಕೆ ಎಳೆದು ಒತ್ತಿ. ಇಲ್ಲದಿದ್ದರೆ ಗಿಲಾವು ಆದಮೇಲೆ ಹುಲ್ಲು ಕುಗ್ಗಿ ಮೇಲೆ ಸಂದು ಬಿಡುತ್ತದೆ. ಕಿಟಕಿಯ ಕೆಳಗಿನ ದಂಡೆಯೇ ಗೋಡೆಯ ಅತಿ ದುರ್ಬಲ ಜಾಗ. ಅದು ಹೊರಕ್ಕೆ ಇಳಿಜಾರಾಗಿ, ಗೋಡೆಯಿಂದ ಎರಡು ಇಂಚು ಮುಂದಕ್ಕೆ ಚಾಚಿರಲಿ. ದಂಡೆಯ ಕೆಳಗೆ ಮಾತ್ರ ನೀರು ಇಳಿಯದ ಹಾಳೆ ಹಾಕಿ. ಗೋಡೆಯ ಮೈಗೆ ಎಲ್ಲೂ ಪ್ಲಾಸ್ಟಿಕ್ ಸುತ್ತಬೇಡಿ.

ಈ ಹಂತದಲ್ಲಿ ದೊಡ್ಡ ಭಯ ಬೆಂಕಿಯದ್ದು. ಸಡಿಲ ಹುಲ್ಲು ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ವೆಲ್ಡಿಂಗ್ ಕೆಲಸ ಹುಲ್ಲು ಬರುವ ಮೊದಲೇ ಮುಗಿಸಿ. ಬೀಡಿ ಸೇದುವವರು ದೂರ ಹೋಗಲಿ. ಉದುರಿದ ಹುಲ್ಲನ್ನು ಪ್ರತಿ ಸಂಜೆ ಗುಡಿಸಿ ಸಾಗಿಸಿ. ಗಿಲಾವು ಆದಮೇಲೆ ಮಾತೇ ಬೇರೆ. ಒತ್ತಿದ ಹುಲ್ಲಿಗೆ ಗಾಳಿ ಸಿಗುವುದಿಲ್ಲ. ಅಮೆರಿಕದಲ್ಲಿ 2006ರಲ್ಲಿ ನಡೆದ ಪರೀಕ್ಷೆಯಲ್ಲಿ ಮಣ್ಣಿನ ಗಿಲಾವಿನ ಪೆಂಡಿ ಗೋಡೆ ಒಂದು ಗಂಟೆ ಬೆಂಕಿ ತಡೆದಿತ್ತು.

ಗಿಲಾವು

ಬರೀ ಸಿಮೆಂಟ್ ಗಿಲಾವು ಬೇಡ. ಸಣ್ಣ ಬಿರುಕಿನಲ್ಲಿ ಒಳಹೋದ ನೀರು ಹೊರಬರಲು ಅದು ಬಿಡುವುದಿಲ್ಲ. ಮಣ್ಣು, ಸುಣ್ಣ ಆವಿಯನ್ನು ಹೊರಗೆ ಬಿಡುತ್ತವೆ. ಮೊದಲು ಜೇಡಿಮಣ್ಣನ್ನು ತೆಳ್ಳಗೆ ಕಲಸಿ ಕೈಯಿಂದಲೇ ಹುಲ್ಲಿನೊಳಗೆ ತಿಕ್ಕಬೇಕು. ಅದು ಪೂರ್ತಿ ಒಣಗಿದ ಮೇಲೆ ಮಣ್ಣು, ಮರಳು, ಕೊಚ್ಚಿದ ಹುಲ್ಲು ಸೇರಿಸಿ ಒಂದು ಇಂಚಿನಷ್ಟು ದಪ್ಪ ಹಚ್ಚಿ. ಎಷ್ಟು ಮರಳು ಎಂಬುದನ್ನು ನಿಮ್ಮ ಜಾಗದ ಮಣ್ಣೇ ಹೇಳುತ್ತದೆ: ಗೋಡೆಯ ಮೇಲೆ ಒಂದೊಂದು ಅಡಿ ಚೌಕದಲ್ಲಿ ಬೇರೆ ಬೇರೆ ಪಾಕ ಹಚ್ಚಿ ಒಣಗಲು ಬಿಡಿ. ಬಿರಿದರೆ ಮರಳು ಹೆಚ್ಚಿಸಿ, ಕೈಗೆ ಪುಡಿ ಹತ್ತಿದರೆ ಜೇಡಿ ಹೆಚ್ಚಿಸಿ. ಹೊರಮೈಗೆ ಕೊನೆಯ ಪದರ ಸುಣ್ಣದ ಗಾರೆ. ಅದಕ್ಕೆ ಕೆಲವು ದಿನ ನೀರು ಚಿಮುಕಿಸಿ ನಿಧಾನ ಒಣಗಿಸಬೇಕು.

ಗಿಲಾವಿನ ಹೊತ್ತಿಗೇ ಪಡುವಣ ಗೋಡೆಯಲ್ಲೂ ಕಿಟಕಿಗಳ ಕೆಳಗೂ ಮೀಟರ್ ಕಡ್ಡಿ ತೂರುವಷ್ಟು ಸಣ್ಣ ಕೊಳವೆ, ಅದಕ್ಕೊಂದು ಮುಚ್ಚಳ ಕೂರಿಸಿ. ಮೊದಲ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಳೆದು ಬರೆದಿಡಿ. ಅಂಕಿ ಶೇ 18 ದಾಟಿದರೆ ಹೊರಗೆ ತಟ್ಟಿ ಇದೆಯೇ, ಹೆಂಚು ಸರಿದಿದೆಯೇ, ದಂಡೆ ಬಿರಿದಿದೆಯೇ ನೋಡಿ. ಶೇ 20 ದಾಟಿ ಇಳಿಯದಿದ್ದರೆ ಆ ಭಾಗದ ಗಿಲಾವನ್ನು ಒಳಬದಿಯಿಂದ ತೆಗೆದು ಗಾಳಿಗೆ ಬಿಡಿ. ಕಪ್ಪಾದ ಹುಲ್ಲನ್ನು ಕಿತ್ತು, ಒಣಗಿದ ಹೊಸ ಹುಲ್ಲು ಒತ್ತಿ ತುಂಬಿ, ಮತ್ತೆ ಮಣ್ಣು ಮೆತ್ತಬಹುದು. ಇದಕ್ಕೆಂದೇ ಹತ್ತು ಪೆಂಡಿ ಅಟ್ಟದ ಮೇಲೆ ಇಟ್ಟುಕೊಳ್ಳಿ.