ಜಾರುವ ಕೀ ಮತ್ತು ನಮ್ಮ ಮಹಡಿಯ ಆಟಿಕೆ ಕೋಣೆ

ಕೀ ಕೊಡುವ ಹಳೆಯ ತಗಡಿನ ಆಟಿಕೆಗಳನ್ನು ನೋಡಲು ಬಂದ ಮಕ್ಕಳ ಕೈಗೇ ಕೊಟ್ಟು ಓಡಿಸುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಸಂಗ್ರಾಹಕ ಮಿತ್ರರಲ್ಲಿ ಒಬ್ಬರೂ ಒಪ್ಪಲಿಲ್ಲ. ಕೋಲಾರದ ಹಿರಿಯರೊಬ್ಬರಂತೂ, "ಒಂದು ತಿಂಗಳು ಬಿಟ್ಟು ಬರ್ತೀನಿ, ಗುಜರಿಗೆ ಎಷ್ಟು ಕೆ.ಜಿ. ಬೀಳುತ್ತೆ ತೂಕ ಹಾಕೋಣ" ಎಂದು ನಕ್ಕಿದ್ದರು. ಈಗ 14 ತಿಂಗಳಾಗಿವೆ. ಸುಮಾರು 90 ಕುಟುಂಬಗಳು ತುಮಕೂರಿನ ನಮ್ಮ ಮನೆಯ ಮಹಡಿ ಹತ್ತಿ ಇಳಿದಿವೆ. ಮುರಿದಿರುವ ಸ್ಪ್ರಿಂಗ್ ಒಂದೇ ಒಂದು, ಅದೂ ಮಕ್ಕಳ ಕೈಯಲ್ಲಲ್ಲ, ನನ್ನ ಕೈಯಲ್ಲಿ.

ಈ ಊರಿನ ಎಚ್‌.ಎಂ.ಟಿ. ಕೈಗಡಿಯಾರ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಚಿಮಟವೂ ಐಗ್ಲಾಸೂ ಹಿಡಿದ ಕೈಗೆ ನಿವೃತ್ತಿಯ ನಂತರ ಆಟಿಕೆಗಳ ಯಂತ್ರ ದೊಡ್ಡದೇ ಎನಿಸಿತು. ಸಂಗ್ರಹ ಬೆಳೆಯುತ್ತಿದ್ದ ಕಾಲದಲ್ಲಿ ಮನೆಮಂದಿಯೆಲ್ಲ ದೆಹಲಿಗೆ ಹೋಗಿದ್ದೆವು. ಅಲ್ಲಿ ನೆಹರೂ ಹೌಸ್‌ನಲ್ಲಿರುವ, ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಬೊಂಬೆಗಳ ಸಂಗ್ರಹಾಲಯವನ್ನು ನೋಡಿದೆವು. ಹಂಗೇರಿಯ ಒಂದು ಬೊಂಬೆಯಿಂದ ಶುರುವಾದ ಸಂಗ್ರಹ ಸಾವಿರಾರು ಬೊಂಬೆಗಳವರೆಗೆ ಬೆಳೆದಿರುವುದನ್ನು ಕಂಡು ನಾನು ಬೆರಗಾಗಿ ನಿಂತಿದ್ದರೆ, ಆಗ ಆರು ವರ್ಷದವನಾಗಿದ್ದ ಮೊಮ್ಮಗ ಗಾಜಿಗೆ ಮೂಗು ಒತ್ತಿ, "ತಾತ, ಇವು ಯಾವಾಗ ಆಡ್ತವೆ?" ಎಂದು ಕೇಳಿದ. ಉಡುಗೆ ತೊಟ್ಟ ಬೊಂಬೆ ಗಾಜಿನೊಳಗೆ ಇರಬೇಕಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೀ ಕೊಡುವ ಕಪ್ಪೆ ಕುಪ್ಪಳಿಸದಿದ್ದರೆ ಅದು ಬಣ್ಣ ಬಳಿದ ತಗಡು ಮಾತ್ರ.

ಆ ಮಾತು ಗೊತ್ತಿದ್ದೂ ಊರಿಗೆ ಬಂದು ನಾನು ಮಾಡಿದ್ದು ಅದೇ ತಪ್ಪು. ಹಳೆಯ ಬಟ್ಟೆ ಅಂಗಡಿಯವರು ತೆಗೆದುಹಾಕುತ್ತಿದ್ದ ಎರಡು ಗಾಜಿನ ಬೀರುಗಳನ್ನು ಸುಮಾರು 14,000 ರೂಪಾಯಿಗೆ ಕೊಂಡು, ಎಲ್‌ಇಡಿ ಪಟ್ಟಿ ಅಂಟಿಸಿ, "ಮುಟ್ಟಬಾರದು" ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಬಂದ ಮೊದಲ ಕುಟುಂಬ ಏಳೆಂಟು ನಿಮಿಷದಲ್ಲಿ ನೋಡಿ ಮುಗಿಸಿ ಕಾಫಿಗೆ ಕಾಯುತ್ತಾ ಕುಳಿತಿತು. ಎರಡನೆಯ ಕುಟುಂಬದ ಹುಡುಗ ಬೀರುವಿನ ಮೇಲೆ ಒರಗಿದ್ದಕ್ಕೆ ಒಳಗಿನ ಗಾಜಿನ ಹಲಗೆಯೊಂದು ಜಾರಿ, ಕೆಳಗಿದ್ದ ಜಪಾನಿನ ತಗಡಿನ ಕಾರಿನ ಮೇಲೆ ಬಿತ್ತು. ಅದನ್ನು 3,500 ಕೊಟ್ಟು ತಂದಿದ್ದೆ. ಚಾವಣಿ ತಗ್ಗಾದ ಕಾರನ್ನು ಈಗಲೂ ಇಟ್ಟುಕೊಂಡಿದ್ದೇನೆ. ಮುಟ್ಟಬಾರದು ಎಂದು ಬರೆದಲ್ಲೇ ಮಕ್ಕಳ ಕೈ ಹೋಗುತ್ತದೆ ಎಂಬುದು ನನಗೆ ಅರ್ಥವಾದದ್ದು ಅಂದು.

ಅದಕ್ಕಿಂತ ಹೆಚ್ಚಿನ ನಷ್ಟ ಮಕ್ಕಳಿಲ್ಲದ ಹೊತ್ತಿನಲ್ಲಿ ನನ್ನಿಂದಲೇ ಆಗಿದೆ. ಜಿರಳೆಗೆಂದು ನುಸಿಗುಳಿಗೆ ಇಟ್ಟ ಖಾನೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಆನೆಯೊಂದು ಗುಳಿಗೆಗೆ ಅಂಟಿಕೊಂಡು ಕರಗಿತು. ತಗಡಿನ ಬಸ್ಸಿನ ಕೊಳೆ ತೆಗೆಯಲು ಹತ್ತಿಗೆ ತಿನ್ನರ್ ಹಾಕಿ ಒರೆಸಿದೆ. ಕೊಳೆಯ ಜೊತೆಗೆ ಕಿಟಕಿಯಲ್ಲಿ ಅಚ್ಚಾಗಿದ್ದ ನಾಲ್ವರು ಪ್ರಯಾಣಿಕರೂ ಇಳಿದು ಹೋದರು. ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಬೊಂಬೆಯ ಕಥೆ ಇನ್ನೂ ಕೆಟ್ಟದ್ದು. ಮಹಡಿಯಲ್ಲಿ ಕರ್ಪೂರದ ವಾಸನೆ ಬರುತ್ತಿದೆ ಎಂದು ಮನೆಯವರು ಎರಡು ವಾರ ಹೇಳಿದರೂ, ದೇವರ ಕೋಣೆಯದಿರಬೇಕು ಎಂದು ನಾನು ಸುಮ್ಮನಿದ್ದೆ. ಆ ಪ್ಲಾಸ್ಟಿಕ್ಕಿಗೆ ಕರ್ಪೂರ ಸೇರಿಸುತ್ತಿದ್ದರೆಂದು ಓದಿದ್ದವನೇ ನಾನು. ನೋಡುವಷ್ಟರಲ್ಲಿ ಬೊಂಬೆ ಬೆವೆತು, ಅದರ ಆಮ್ಲದ ಹಬೆಗೆ ಪಕ್ಕದ ಮೂರು ಆಟಿಕೆಗಳ ಸ್ಪ್ರಿಂಗ್ ತುಕ್ಕು ಹಿಡಿದಿದ್ದವು. ನಾನು ಮುರಿದೆನೆಂದ ಸ್ಪ್ರಿಂಗ್ ಅವುಗಳಲ್ಲಿ ಒಂದು; ಉಜ್ಜಿ ಎಣ್ಣೆ ಬಿಟ್ಟರೆ ಸಾಕೆಂದುಕೊಂಡು, ಬಂದವರ ಮುಂದೆ ಎರಡು ಸುತ್ತು ಕೊಟ್ಟಾಗ ಟಕ್ಕೆಂದಿತು.

ಈಗ ಅಚ್ಚಿನ ತಗಡಿಗೆ ಎಂಜಲಿಗಿಂತ ಒಳ್ಳೆಯ ಒರೆಸುವಿಕೆ ಇಲ್ಲ ಎಂಬುದು ನನ್ನ ಅನುಭವ. ಕಡ್ಡಿಗೆ ಹತ್ತಿ ಸುತ್ತಿ ನಾಲಿಗೆಗೆ ತಾಗಿಸಿ ಒರೆಸಿದರೆ ಕೊಳೆ ಬಿಡುತ್ತದೆ, ಬಣ್ಣ ಉಳಿಯುತ್ತದೆ. ಚಿತ್ರಪಟಗಳ ಸಂರಕ್ಷಕರೂ ಇದನ್ನು ಮಾಡುತ್ತಾರೆಂದು ಎಷ್ಟು ಹೇಳಿದರೂ, ದಸರೆಗೆ ಕೂರಿಸುವ ಪಟ್ಟದ ಗೊಂಬೆಗಳ ಹತ್ತಿರ ನನ್ನನ್ನು ಸೇರಿಸುವುದನ್ನು ಮನೆಯವರು ಅಂದಿನಿಂದ ನಿಲ್ಲಿಸಿದ್ದಾರೆ.

ಇನ್ನು ಕೀ ವಿಷಯ. ಮಗು ಅತಿಯಾಗಿ ಕೀ ಕೊಟ್ಟರೆ ಸ್ಪ್ರಿಂಗ್ ತುಂಡಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಬಿಚ್ಚಿ ನೋಡಿದ ಸುಮಾರು 60 ಆಟಿಕೆಗಳಲ್ಲಿ ತುಂಡಾದ ಸ್ಪ್ರಿಂಗ್ ಐದಾರು ಮಾತ್ರ. ಉಳಿದವುಗಳಲ್ಲಿ ಒಳತುದಿಯ ಕೊಕ್ಕೆ ಕಳಚಿತ್ತು, ಇಲ್ಲವೇ ಎರಡು ತಗಡುಗಳನ್ನು ಹಿಡಿದಿಡುವ ಕಿವಿಗಳು ಬಾಗಿ ಗಾಲಿ ಹಲ್ಲು ತಪ್ಪಿತ್ತು. ಆ ಕಿವಿಗಳನ್ನು ಮೂರನೆಯ ಸಲ ಮಡಿಸಿದರೆ ಕಿತ್ತು ಕೈಗೆ ಬರುತ್ತವೆ ಎಂಬುದು ಬಲ್ಲವರಿಗೆ ಗೊತ್ತು. ಹಾಗಾಗಿ ತಡೆಯಬೇಕಾದದ್ದು ಸುತ್ತಿನ ಸಂಖ್ಯೆಯನ್ನಲ್ಲ, ಕೊನೆಯ ಸುತ್ತಿನ ಬಲವನ್ನು. ಇದು ತಿಳಿಯಲು ಒಂದು ವರ್ಷ ಹಿಡಿಯಿತು. ಮೊದಲು ಜಿನೀವಾ ಸ್ಟಾಪ್, ಅಂದರೆ ಸುತ್ತು ಎಣಿಸಿ ಮಿತಿಗೆ ಬಂದೊಡನೆ ಕೀಯನ್ನು ತಡೆಯುವ ಸಣ್ಣ ಸಾಧನ, ಕೂರಿಸಲು ಹೋದೆ. ಆಟಿಕೆ ಕೋಳಿಯ ಹೊಟ್ಟೆಯೊಳಗೆ ಅದಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಆಟೋಮ್ಯಾಟಿಕ್ ಕೈಗಡಿಯಾರದ ಬ್ಯಾರೆಲ್‌ನಲ್ಲಿ, ಅಂದರೆ ಸ್ಪ್ರಿಂಗ್ ಇರುವ ದುಂಡು ಡಬ್ಬಿಯಲ್ಲಿ, ಪೂರ್ತಿ ಸುತ್ತಿಕೊಂಡ ಸ್ಪ್ರಿಂಗ್ ಜಾರುವಂತೆ ಇಲ್ಲೂ ಜಾರಿಸೋಣವೆಂದು ಹಿತ್ತಾಳೆಯ ಬ್ಯಾರೆಲ್ ತಿರುಗಿಸಿಕೊಟ್ಟ ಲೇತಿನವರಿಗೆ 2,800 ತೆತ್ತೆ. ಅದು ಜಾರಿತೇನೋ ನಿಜ, ಆದರೆ ಕಪ್ಪೆ ಕುಪ್ಪಳಿಸುವ ಬದಲು ತೆವಳಿತು. ಅದೂ ಅಲ್ಲದೆ ಹಳೆಯ ಆಟಿಕೆಯ ಒಳಗನ್ನು ಬದಲಿಸುವುದು ನನಗೆ ಸರಿ ಕಾಣಲಿಲ್ಲ.

ಕೊನೆಗೆ ಆಟಿಕೆಯನ್ನು ಬಿಟ್ಟು ಕೀಯನ್ನೇ ಬದಲಿಸಿದೆ. ಹಿಡಿ ಬೇರೆ, ಕೊಳವೆ ಬೇರೆ. ನಡುವೆ ಒಂದು ಬಿಲ್ಲೆ, ಒತ್ತಿ ಹಿಡಿಯಲು ಸಣ್ಣ ಸ್ಪ್ರಿಂಗ್. ಬಲ ಮಿತಿ ಮೀರಿದೊಡನೆ ಹಿಡಿ ಕಟಕಟ ಎಂದು ಸುಮ್ಮನೆ ತಿರುಗುತ್ತದೆ. ಮಕ್ಕಳಿಗೆ ಆ ಸದ್ದೇ ಇನ್ನೊಂದು ಆಟವಾಗಿಬಿಟ್ಟಿದೆ. ಚರ್ಮ, ಕಾರ್ಕು, ನೈಲಾನ್ ಎಲ್ಲವನ್ನೂ ಹಾಕಿ ನೋಡಿದೆ. ಚರ್ಮ ಮಳೆಗಾಲದಲ್ಲಿ ಉಬ್ಬುತ್ತದೆ, ಕಾರ್ಕು ಪುಡಿಯಾಗುತ್ತದೆ, ನೈಲಾನ್ ಬೇಗ ಜಾರುತ್ತದೆ. ಈಗ ಹಾಕಿರುವ ಬಿಲ್ಲೆ ಯಾವುದರದು ಎಂಬುದನ್ನೂ, ಅದಕ್ಕೆ ಹಚ್ಚಿರುವುದು ಏನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ; ತುಮಕೂರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ವಸ್ತು ಎಂದಷ್ಟೇ ಹೇಳಬಲ್ಲೆ.

ನಡುವೆ ಹಳದಿಯಾದ ಪ್ಲಾಸ್ಟಿಕ್ ಬಿಳಿಮಾಡುವ ಹುಚ್ಚೂ ಹಿಡಿದಿತ್ತು. ಪಾರ್ಲರಿನವರು ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಕ್ರೀಮನ್ನು ಆಟದ ಟೆಲಿಫೋನಿಗೆ ಬಳಿದು ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಆರು ತಾಸು ಇಟ್ಟೆ. ಹಾಲಿನಂತೆ ಬೆಳ್ಳಗಾಯಿತು. ಮುಂದಿನ ಯುಗಾದಿಯ ವೇಳೆಗೆ ಪಟ್ಟೆಪಟ್ಟೆಯಾಗಿ ಹಳದಿ ಮರಳಿತು, ಮೊದಲಿಗಿಂತ ವಿಕಾರವಾಗಿ.

ಕುಟುಂಬಗಳನ್ನು ಒಳಗೆ ಬಿಡುವ ಕ್ರಮವೂ ಸೋತು ಕಲಿತದ್ದೇ. ಮೊದಲು ಬಾಗಿಲ ಬಳಿಯ ಚಾಪೆಯಲ್ಲಿ ಕೂರಿಸುತ್ತೇನೆ. ಅಲ್ಲಿ ಅಳಗುಳಿ ಮಣೆ, ಒಂದು ಡಬ್ಬಿ ಹುಣಸೆ ಬೀಜ, ಚೌಕಾಬಾರದ ಹಾಸು, ಚನ್ನಪಟ್ಟಣದ ಅರಗಿನ ಬುಗುರಿಗಳು ಇರುತ್ತವೆ. ಆಲೆ ಮರದ ಬುಗುರಿ ಕೈಜಾರಿ ಬಿದ್ದರೂ ನಷ್ಟ 40 ರೂಪಾಯಿ. ಮಕ್ಕಳ ಕೈ ಅಲ್ಲಿ ಹತ್ತು ನಿಮಿಷ ತಣಿದ ಮೇಲೆಯೇ ಬೀರು ತೆರೆಯುವುದು. ಒಮ್ಮೆಗೆ ಮೂರೇ ಆಟಿಕೆ, ನೆಲಕ್ಕೆ ಹಾಸಿದ ಜಮಖಾನೆಯ ಮೇಲೆ ಮಾತ್ರ. ಮೇಜಿನ ಮೇಲಿಟ್ಟರೆ ಕಪ್ಪೆಗೆ ಅಂಚು ತಿಳಿಯುವುದಿಲ್ಲ. ನಾನು ನಿರೀಕ್ಷಿಸದಿದ್ದುದು ಅಜ್ಜಿಯರ ವಿಷಯ. ಮೊಮ್ಮಕ್ಕಳನ್ನು ಕರೆತಂದು ಬಾಗಿಲಲ್ಲೇ ಕಾಲು ನೋವೆನ್ನುತ್ತಿದ್ದವರು ಅಳಗುಳಿ ಮಣೆಯ ಮುಂದೆ ಕುಳಿತರೆ ಏಳುವುದೇ ಇಲ್ಲ. ಗುಬ್ಬಿಯ ಕಡೆಯಿಂದ ಬಂದಿದ್ದ ಒಬ್ಬರು ಮಗ, ಸೊಸೆ, ಇಬ್ಬರು ಮೊಮ್ಮಕ್ಕಳನ್ನು ಸಾಲಾಗಿ ಸೋಲಿಸಿ, ಕೊನೆಗೆ ನನ್ನನ್ನೂ ಕೂರಿಸಿಕೊಂಡು ಸೋಲಿಸಿದರು. ಏಳೆಂಟು ನಿಮಿಷದ ಭೇಟಿ ಈಗ ಒಂದೂಕಾಲು ತಾಸಿಗಿಂತ ಕೆಳಗೆ ಇಳಿಯುವುದಿಲ್ಲ.

ಖರ್ಚು ಇಲ್ಲಿಯವರೆಗೆ ಹತ್ತಿರ ಹತ್ತಿರ 1.3 ಲಕ್ಷ ಆಗಿರಬೇಕು, ಆಟಿಕೆಗಳ ಬೆಲೆ ಬಿಟ್ಟು. ಮೊದಲು ಪುಕ್ಕಟೆ ಇದ್ದಾಗ ಬರುತ್ತೇವೆಂದವರು ಬರುತ್ತಿರಲಿಲ್ಲ. ಕುಟುಂಬಕ್ಕೆ 100 ರೂಪಾಯಿ ಇಟ್ಟ ಮೇಲೆ ಹೇಳಿದ ಹೊತ್ತಿಗೆ ಬರುತ್ತಾರೆ. ಬಂದ ಹಣ 9,000 ದಾಟಿಲ್ಲ. ಈ ಲೆಕ್ಕವನ್ನು ಮನೆಯಲ್ಲಿ ಯಾರೂ ಜೋರಾಗಿ ಓದುವುದಿಲ್ಲ.

ಗುಜರಿಯ ತೂಕ ಹಾಕಲು ಬರುತ್ತೇನೆಂದಿದ್ದ ಕೋಲಾರದ ಮಿತ್ರರು ಕಳೆದ ತಿಂಗಳು ಕುಟುಂಬ ಸಮೇತ ಬಂದಿದ್ದರು. ಮೊಮ್ಮಗಳು ತಾಳ ಬಡಿಯುವ ಕೋತಿಗೆ ಕಟಕಟ ಎನ್ನುವವರೆಗೆ ಕೀ ಕೊಟ್ಟು ಬಿಟ್ಟಳು. ಅವರು ಒಂದು ಮಾತೂ ಆಡದೆ ಕೀಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೊರಡುವಾಗ ತಮಗೂ ಎರಡು ಬೇಕೆಂದರು. ಕೊಟ್ಟಿದ್ದೇನೆ, ಬಿಲ್ಲೆ ಕಾಣದಂತೆ ರಿವೆಟ್ ಹೊಡೆದೇ ಕೊಟ್ಟಿದ್ದೇನೆ.