ಸ್ವರ್ಣೆಯ ನೀರಿನಲ್ಲಿ ಉಪ್ಪೆಷ್ಟು: ಮಕ್ಕಳ ಕೈಯಲ್ಲಿ ಅಳೆಸುವ ಬಗೆ

ಸ್ವರ್ಣೆ ಉಡುಪಿಯ ಬಳಿ ಸಮುದ್ರ ಸೇರುವ ಹೊಳೆ. ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಮೊದಲು ಬರೆಸುವುದು ಒಂದೇ ವಾಕ್ಯ: ‘ಫೆಬ್ರವರಿಯಲ್ಲಿ, ಉಬ್ಬರದ ಹೊತ್ತಿಗೆ, ಕೆಮ್ಮಣ್ಣು ಊರಿನ ಬಳಿ ಹೊಳೆಯ ಮೇಲ್ನೀರಿಗಿಂತ ತಳದ ನೀರಿನಲ್ಲಿ ಉಪ್ಪು ಹೆಚ್ಚು.’ ಈ ಮಾತು ಸುಳ್ಳಾಗಲೂಬಹುದು. ಆದ್ದರಿಂದಲೇ ಇದನ್ನು ಪರೀಕ್ಷಿಸಬಹುದು.

ತಳದ ನೀರು ತೆಗೆಯಲು ಬಾಟಲಿಗೆ ಕಲ್ಲು ಕಟ್ಟಿ, ಬೂಚಿಗೆ ಬೇರೆ ಹಗ್ಗ ಬಿಗಿದು ಇಳಿಸುತ್ತೇವೆ. ತಳ ಮುಟ್ಟಿದ ಮೇಲೆ ಬೂಚಿನ ಹಗ್ಗ ಜಗ್ಗಿ, ಗುಳ್ಳೆ ನಿಂತ ಮೇಲೆ ಎತ್ತಬೇಕು. ಇಳಿಸುವಾಗಲೇ ಬೂಚು ಸಡಿಲಾದರೆ ಮೇಲ್ನೀರು ತುಂಬಿಕೊಳ್ಳುತ್ತದೆ. ಮಕ್ಕಳು ದೋಣಿ ನಿಲ್ಲುವ ದಕ್ಕೆಯ ಮೇಲೆಯೇ ಇರಬೇಕು, ಜೊತೆಗೆ ಈಜು ಬಲ್ಲ ದೊಡ್ಡವರು.

ಶಾಲೆಯಲ್ಲಿ 100 ಮಿ.ಲೀ. ನೀರನ್ನು ತೂಕ ಮಾಡಿಟ್ಟ ಪಿಂಗಾಣಿ ಬಟ್ಟಲಿಗೆ ಹಾಕಿ, ಕುದಿಯುವ ನೀರಿನ ಆವಿಯ ಮೇಲೆ ಇಂಗಿಸುತ್ತೇವೆ. ನೇರ ಉರಿಗಿಟ್ಟರೆ ಕೊನೆಗೆ ಉಪ್ಪು ಚಟಪಟ ಸಿಡಿದು ಹೊರಗೆ ಹಾರುತ್ತದೆ. ನಿಜವಾದ ತೊಂದರೆ ಆಮೇಲಿನದು. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಕರಾವಳಿಯ ಗಾಳಿಯಿಂದ ತೇವ ಹೀರುತ್ತದೆ. ತಕ್ಕಡಿಯ ಮೇಲೆ ಇಟ್ಟ ಬಟ್ಟಲಿನ ತೂಕ ನೋಡನೋಡುತ್ತಿದ್ದಂತೆ ಏರುವುದು ಅದಕ್ಕೇ. ಹಾಗಾಗಿ ಬಟ್ಟಲನ್ನು 110 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ತಣಿಸಿ, ಹೊರತೆಗೆದ ಕೂಡಲೇ ತೂಗುತ್ತೇವೆ. ಒಂದರ ಹಿಂದೊಂದು ಬಂದ ಎರಡು ತೂಕಗಳ ವ್ಯತ್ಯಾಸ 0.02 ಗ್ರಾಂ ಇಲ್ಲವೇ ಅದಕ್ಕಿಂತ ಕಡಿಮೆ ಆಗುವವರೆಗೂ ಇದೇ ಕೆಲಸ. ಬೇಗ ಒಣಗಲೆಂದು ಉರಿ ಜೋರು ಮಾಡಬಾರದು: ಮೆಗ್ನೀಸಿಯಂ ಕ್ಲೋರೈಡ್ ವಿಘಟನೆಯಾಗಿ ಹೈಡ್ರೋಜನ್ ಕ್ಲೋರೈಡ್ ಅನಿಲ ಹೋಗುತ್ತದೆ, ತೂಕ ಕಡಿಮೆ ಬರುತ್ತದೆ.

ಕೈ ಪಳಗಲು ಮೊದಲು ಮಲ್ಪೆಯ ಸಮುದ್ರದ ನೀರು. 100 ಮಿ.ಲೀ.ಗೆ ಸುಮಾರು 3.5 ಗ್ರಾಂ ಸಿಗಬೇಕು. ಮೂರಕ್ಕಿಂತ ಕೆಳಗಿದ್ದರೆ ಉಪ್ಪು ಸಿಡಿದಿರುತ್ತದೆ, ನಾಲ್ಕು ದಾಟಿದರೆ ತೇವ ಉಳಿದಿರುತ್ತದೆ. ಇದೇ ಹೊಳೆಯ ಮೇಲ್ಭಾಗದಲ್ಲಿರುವ ಬಜೆ ಅಣೆಕಟ್ಟಿನ ಸಿಹಿನೀರಿಗೆ 100 ಮಿ.ಲೀ. ಸಾಲದು, ಅಷ್ಟರಲ್ಲಿ ಸಿಗುವ ಉಪ್ಪು ತಕ್ಕಡಿಯ ದೋಷದಷ್ಟೇ ಇರುತ್ತದೆ. ಅರ್ಧ ಲೀಟರನ್ನು ಸ್ವಲ್ಪಸ್ವಲ್ಪವೇ ಸುರಿದು ಇಂಗಿಸಬೇಕು.

ವರದಿಯಲ್ಲಿ ದಿನಾಂಕ, ಉಬ್ಬರದ ಸಮಯ, ಆಳ, ಬಟ್ಟಲಿನ ಎಲ್ಲ ತೂಕಗಳೂ ಇರಬೇಕು. ಹೊಂದದ ಅಂಕಿಯನ್ನು ಅಳಿಸದೆ, ಪಕ್ಕದಲ್ಲಿ ಕಾರಣ ಬರೆಯಬೇಕು. ಪ್ರತಿ ನೀರಿನಿಂದಲೂ ಮೂರು ಬಟ್ಟಲು. ಒಂದೇ ನೀರಿನ ಮೂರು ಬಟ್ಟಲುಗಳ ನಡುವೆ ಎಷ್ಟು ಅಂತರ ಬಂದಿದೆಯೋ, ಮೇಲ್ನೀರು–ತಳದ ನೀರಿನ ಸರಾಸರಿಗಳ ವ್ಯತ್ಯಾಸ ಅದನ್ನು ಮೀರಿದರೆ ಮಾತ್ರ ‘ತಳದಲ್ಲಿ ಉಪ್ಪು ಹೆಚ್ಚು’ ಎಂದು ಬರೆಯಲು ಬಿಡುತ್ತೇನೆ.